ಯಾರ್ಲಾ ಈ ಕಾಂಡ್ಲಾ?

ನಮ್ಮ ಮನೆಯ ಟೀವಿ ಮೇಜಿನ ಮೇಲೆ ಒಂದು ಪೆನ್ನಿನ ಡಬ್ಬಿ ಇದೆ. ಅದರಲ್ಲಿ ಪೆನ್ನೊಂದು ಬಿಟ್ಟು ಮಿಕ್ಕಿದ್ದೆಲ್ಲ ಇದೆ. ಬರೆಯದ ರೀಫಿಲ್ಲು, ಹಲ್ಲುದುರಿದ ಬಾಚಣಿಗೆ, ಯಾವ ಬೀಗದ್ದೆಂದು ಯಾರಿಗೂ ನೆನಪಿಲ್ಲದ ಬೀಗದ ಕೈ. ಇವುಗಳ ನಡುವೆ ಗೇಣುದ್ದದ ಒಂದು ಕಂದು ಕಡ್ಡಿ, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಹಾಗೆ ನೆಟ್ಟಗೆ ನಿಂತಿದೆ. ಮನೆಗೆ ಬಂದವರು ಕಾಫಿ ಕುಡಿಯುತ್ತಾ ಅದನ್ನು ನೋಡಿ, "ಒಣಗಿದ ನುಗ್ಗೆಕಾಯಿ ಯಾಕೆ ಇಟ್ಟಿದ್ದೀರಾ?" ಅಂತ ಕೇಳುತ್ತಾರೆ. ಅಮ್ಮ "ಬಿಸಾಕ್ಬೇಕು" ಅನ್ನುತ್ತಾಳೆ. ಬಿಸಾಕುವುದಿಲ್ಲ.

ನಮ್ಮ ಸೋದರಮಾವ ಕೆಂಪಯ್ಯ ಮಾತ್ರ ಏನೂ ಕೇಳುವುದಿಲ್ಲ. ಬಂದಾಗಲೆಲ್ಲ ಆ ಕಡ್ಡಿಯನ್ನು ಎತ್ತಿ, ಬೆರಳ ಗೆಣ್ಣಿನಿಂದ ಟೊಕ್ ಅಂತ ತಟ್ಟಿ, ಕಿವಿಗೆ ಹಿಡಿದು, "ಹ್ಞೂಂ... ಇರ್ಲಿ" ಅಂತ ವಾಪಸ್ಸು ಇಡುತ್ತಾನೆ.

ಈ "ಹ್ಞೂಂ... ಇರ್ಲಿ" ಅನ್ನುವುದನ್ನು ಮಾವನಿಗಿಂತ ನಾನು ಚೆನ್ನಾಗಿ ಮಾಡುತ್ತೇನೆ. ನಾನೇ ಹೇಳಿಕೊಳ್ಳಬಾರದು ನಿಜ, ಆದರೆ ನಾನು ಹೇಳದಿದ್ದರೆ ನಿಮಗೆ ಹೇಳುವವರು ಯಾರು? ಚನ್ನಪಟ್ಟಣದಲ್ಲಿ ಆರತಕ್ಷತೆ, ನಾಮಕರಣ, ಗಣೇಶನ ಪೆಂಡಾಲು, ಎಲ್ಲಿ ಮಿಮಿಕ್ರಿ ಬೇಕೆಂದರೂ ನನ್ನನ್ನೇ ಕರೆಯುತ್ತಾರೆ. ಬೇರೆ ಯಾರೂ ಸಿಗದಿದ್ದಾಗ ಕರೆಯುತ್ತಾರೆ ಅನ್ನುವವರೂ ಇದ್ದಾರೆ. ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ನಡೆಸುತ್ತಿದ್ದ ಮುನೀರ್ ಚಾಚಾನ ದನಿಯಲ್ಲಿ ಗೋಡೆಯಾಚೆಯಿಂದ "ಚಲೋ, ಚಾಯ್ ಪೀಕೆ ಆವೋ" ಅಂದು, ಕೆಲಸದವರೆಲ್ಲ ಎದ್ದು ಟೀ ಅಂಗಡಿಗೆ ಹೋಗುವಂತೆ ಮಾಡಿದ್ದೆ. ಬಾಣಲೆಯ ಬಿಸಿನೀರಿನಲ್ಲಿ ಗೂಡುಗಳು ಒಂಟಿಯಾಗಿ ಕುಣಿಯುತ್ತಿದ್ದವು. ಚಾಚಾ ನನ್ನ ಕಿವಿ ಹಿಡಿದು ತಿರುಚಿ, ಆಮೇಲೆ ಒಂದು ಬನ್ನು ಕೊಡಿಸಿ, "ಇನ್ನೊಂದ್ಸಲ ಮಾಡು, ನಾನೂ ಕೇಳ್ಬೇಕು" ಅಂದಿದ್ದರು.

ನನ್ನ ದನಿಗೆ ಯಾವತ್ತೂ ಮೋಸ ಹೋಗದವಳು ಒಬ್ಬಳೇ, ಸವಿತಕ್ಕ. ಅಮ್ಮನ ದನಿಯಲ್ಲಿ "ಸವೀ, ಹಾಲು ಉಕ್ತು ನೋಡೇ" ಅಂತ ಎಷ್ಟು ನಯವಾಗಿ ಕೂಗಿದರೂ, ಆಟ ಬಿಟ್ಟು ತಿರುಗಿಯೂ ನೋಡದೆ, "ಸಾಕು ಮುಚ್ಕಳ್ಲಾ" ಅನ್ನುತ್ತಿದ್ದಳು. ಅದೆಂಥ ಕಿವಿಯೋ.

ಮಾವನ ವಿಷಯಕ್ಕೆ ಬರುತ್ತೇನೆ. ಮಾವ ಬೊಂಬೆ ಕಡೆಯುವವನು. ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ, ಕೇದಗೆ ಗರಿಯಿಂದ ಉಜ್ಜಿದರೆ ಅದು ಕನ್ನಡಿಯಂತಾಗುತ್ತದೆ. ಆದರೆ ಮಾವನಿಗೆ ಆ ಹೊಳಪಿನ ಮೇಲೆಯೇ ಅನುಮಾನ. "ಬಣ್ಣ ಎಲ್ಲಾನೂ ಮುಚ್ತದೆ ಕಣ್ಲಾ. ಒಳಗೆ ಮರ ಹಸಿ ಇದ್ರೆ ಇವತ್ತಲ್ಲ ನಾಳೆ ಬಿರೀತದೆ." ಹಾಗಾಗಿ ಮರ ಬಂದ ಕೂಡಲೇ ತಟ್ಟಿ ನೋಡುವುದು. ಒಣಗಿದ ಮರ ಒಂದು ದನಿ ಕೊಡುತ್ತದೆ, ಹಸಿ ಮರ ಇನ್ನೊಂದು. ಕೆಲಸದಲ್ಲಿ ಇದು ಸರಿ. ಮಾವ ಇದನ್ನು ಕಲ್ಲಂಗಡಿ, ನೀರಿನ ಟ್ಯಾಂಕು, ಹೊಸ ಮಂಚ, ಬೇರೆಯವರ ಮನೆಯ ಗೋಡೆಗೂ ವಿಸ್ತರಿಸಿದ. ಅಕ್ಕನನ್ನು ನೋಡಲು ಬಂದ ಗಂಡೊಬ್ಬನನ್ನು ಅಪ್ಪಿಕೊಳ್ಳುವ ನೆಪದಲ್ಲಿ ಬೆನ್ನು ತಟ್ಟಿ ನೋಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. "ಟೊಳ್ಳು" ಅಂದ, ಅವರ ಕಾರು ತಿರುವು ದಾಟುವ ಮೊದಲೇ. ಇನ್ನೊಬ್ಬ ಜಾಸ್ತಿ ನಕ್ಕ ಅಂತ ಬೇಡವಾದ. ಮತ್ತೊಬ್ಬ ನಗಲೇ ಇಲ್ಲ ಅಂತ. ಅಪ್ಪ ಇಲ್ಲದ ಮನೆ ನಮ್ಮದು. ಮಾವ ಬೇಡ ಅಂದರೆ ಮುಗಿಯಿತು. ರಾಮನಗರದ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳುವ ಅಕ್ಕ, ಮನೆಯಲ್ಲಿ ಈ ಲೆಕ್ಕಕ್ಕೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಆಮೇಲೆ ರಂಗಸ್ವಾಮಿ ಬಂದ. ಸೋಲೂರಿನವನು. ಊರಲ್ಲಿ ಟ್ರಾಕ್ಟರ್ ರಿಪೇರಿ ಮಾಡುತ್ತಿದ್ದವನು ಯಾರದೋ ಜೊತೆ ಹೊನ್ನಾವರಕ್ಕೆ ಹೋಗಿ, ಶರಾವತಿ ದಂಡೆಯಲ್ಲಿ ಮೀನುಗಾರರ ಬೋಟುಗಳ ಎಂಜಿನ್ ರಿಪೇರಿ ಮಾಡುವ ಶೆಡ್ಡು ಹಾಕಿಕೊಂಡಿದ್ದ. ತಾಯಿಯ ಜೊತೆ ಬಂದು ಕೂತ, ಉಪ್ಪಿಟ್ಟು ತಿಂದ, ಅಕ್ಕನ ಹತ್ತಿರ ಒಂದೆರಡು ಮಾತಾಡಿದ. ಹೋದ ಮೇಲೆ, ಯಾರೂ ಕೇಳುವ ಮೊದಲೇ, ಲೋಟಗಳನ್ನು ಎತ್ತುತ್ತಾ ಅಕ್ಕ "ನಂಗೆ ಒಪ್ಪಿಗೆ" ಅಂದುಬಿಟ್ಟಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾವ ಬಾಗಿಲ ಕಡೆಯೇ ನೋಡುತ್ತಿದ್ದ.

"ಕಾಲುಗುರು ನೋಡಿದ್ರಾ?" ಅಂದ.

ಕಾಲುಗುರನ್ನು ಯಾರು ನೋಡುತ್ತಾರೆ?

"ಕೆಸರು. ಉಗುರೊಳಗೆಲ್ಲ ಕರೀ ಕೆಸರು. ಎಂಜಿನ್ ರಿಪೇರಿ ಮಾಡೋನ ಕೈಯಾಗೆ ಗ್ರೀಸ್ ಇರ್ಬೇಕು. ಕಾಲಾಗೆ ಕೆಸರ್ಯಾಕೆ? ಗದ್ದೆ ಇಲ್ಲ, ತ್ವಾಟ ಇಲ್ಲ. ಏನೋ ಐತೆ ಕಣ್ಲಾ ಚೇತು. ಹೇಳ್ದೆ ಕೇಳ್ದೆ ಹೋಗಿ ನೋಡ್ಕಂಡು ಬರ್ಬೇಕು. ನೀನೂ ಬಾ. ನಿಂಗೆ ಎಲ್ಲಾ ಭಾಷೇನೂ ಬತ್ತದಲ್ಲ."

ಹೊರಡುವ ದಿನ ಅಕ್ಕ ನನ್ನ ಬ್ಯಾಗಿಗೆ ಚಪಾತಿ ತುರುಕುತ್ತಾ, ತಲೆ ಎತ್ತದೆ ಹೇಳಿದಳು: "ನೀನು ಅಲ್ಲಿ ಹೋಗಿ ಯಾರನ್ನೂ ನಗಿಸ್ಬೇಡ. ಸುಮ್ನೆ ನೋಡ್ಕೊಂಡು ಬಾ. ಮಾವ ನೋಡೋದ್ನ ಮಾವ ನೋಡ್ಲಿ. ನಂಗೆ ನೀನು ನೋಡಿದ್ದು ಬೇಕು." ನನ್ನ ಮೇಲೆ ಯಾರಾದರೂ ಇಷ್ಟು ಭಾರ ಹೊರಿಸಿದ್ದು ಅದೇ ಮೊದಲು. ಅಭ್ಯಾಸವಿಲ್ಲದ ಬೆನ್ನು, ಕಾರವಾರದ ರೈಲಿನುದ್ದಕ್ಕೂ ನೋಯುತ್ತಿತ್ತು. ಮಾವ ಮೇಲಿನ ಬರ್ತನ್ನು ತಟ್ಟಿ ನೋಡಿ, ಅದರ ಕೆಳಗೆ ಮಲಗಲು ಒಪ್ಪದೆ ಕೂತೇ ಬಂದ.

ಬೆಳಿಗ್ಗೆ ಹೊನ್ನಾವರದಲ್ಲಿ ಇಳಿದು ಆಟೋದವನಿಗೆ "ಬಂದರು" ಅಂದೆವು. ನಮ್ಮ ಕಡೆ ಬಂದರು ಅಂದರೆ ಯಾರೋ ಬಂದಿರಬೇಕು. ಇಲ್ಲಿ ಹಾಗಂದರೆ ಹೋಗಬೇಕು. ಅಲ್ಲಿಂದಲೇ ಮಾವನಿಗೆ ಸರಿ ಕಾಣಲಿಲ್ಲ. ಬಂದರಿನಲ್ಲಿ ಸಾಲುಸಾಲು ಬೋಟು, ಹಸಿರು ಬಲೆಯ ಗುಡ್ಡೆಗಳು, ಪುಡಿ ಮಾಡಿದ ಮಂಜುಗಡ್ಡೆಯನ್ನು ಬುಟ್ಟಿಯಲ್ಲಿ ಹೊತ್ತು ಓಡುವವರು, ಬಂಗುಡೆಯ ರಾಶಿಯ ಸುತ್ತ ನಿಂತು ಕೂಗುವ ಹೆಂಗಸರು. ನಾನು ಅವರ ಕೂಗನ್ನು ಕಿವಿಯಲ್ಲೇ ಕದಿಯುತ್ತಾ ನಿಂತಿದ್ದೆ. ಮಾವ ನದಿಯನ್ನೇ ನೋಡುತ್ತಿದ್ದ. ಬಹಳ ಹೊತ್ತು ನೋಡಿದ.

"ಲೇ ಚೇತು, ಸಮುದ್ರ ಎತ್ಲಾಗೈತೆ?"

ಪಡುವಣಕ್ಕೆ ಕೈ ತೋರಿಸಿದೆ.

"ಮತ್ತೆ ಹೊಳೆ ಯಾಕ್ಲಾ ಮೂಡಲಕ್ಕೆ ಹರೀತೈತೆ?"

ನೋಡಿದೆ. ನಿಜವಾಗಿಯೂ ತೆಂಗಿನ ಸೋಗೆಯೊಂದು ಸಮುದ್ರದ ಕಡೆಯಿಂದ ಒಳಗೆ ತೇಲಿಕೊಂಡು ಬರುತ್ತಿತ್ತು. ಭರತದ ಹೊತ್ತಿಗೆ ಸಮುದ್ರದ ನೀರು ಹೊಳೆಯೊಳಗೆ ನುಗ್ಗುತ್ತದೆ ಅಂತ ನಾನು ಶಾಲೆಯಲ್ಲಿ ಓದಿದ್ದೆ, ಹೇಳಿದೆ ಕೂಡ. ಮಾವ ಅರ್ಕಾವತಿ ನೋಡಿದವನು, ಕಣ್ವ ನೋಡಿದವನು. ಅವು ನೀರಿಲ್ಲದಿದ್ದರೆ ಸುಮ್ಮನಿರುತ್ತವೆಯೇ ಹೊರತು ಹಿಂದಕ್ಕೆ ಹರಿಯುವಷ್ಟು ಕೆಟ್ಟಿಲ್ಲ. "ನೀರೇ ಹಿಂದುಮುಂದಾಗಿ ಹರಿಯೋ ಊರಾಗೆ ಮನ್ಸ ನೆಟ್ಟಗಿರ್ತಾನೇನ್ಲಾ?" ಅಂದ. 

ನಾವು ಹಳೇ ಬೋಟು ಕೊಳ್ಳಲು ಬಂದವರು ಅನ್ನುವುದು ಮಾವನ ಉಪಾಯ. ದಡದಲ್ಲಿ ಎಳೆದಿಟ್ಟಿದ್ದ ಬೋಟೊಂದರ ಹತ್ತಿರ ಹೋಗಿ, ಅಭ್ಯಾಸಬಲದಿಂದ, ಟೊಕ್ ಟೊಕ್ ಅಂತ ತಟ್ಟಿ ಕಿವಿಯಿಟ್ಟ. ಬಲೆ ಹೊಲಿಯುತ್ತಿದ್ದ ಗಡ್ಡದವನೊಬ್ಬ ತಲೆ ಎತ್ತಿದ.

"ಎಂತಕ್ಕೆ ಬಡೀತೀರಿ?"

"ತಗಳಾಣ ಅಂತ ನೋಡ್ತಾ ಇದೀವಿ."

"ಹೌದಾ. ಎಷ್ಟು ಸಿಲಿಂಡರಿಂದು ಬೇಕು ನಿಮಗೆ?"

ಮಾವ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. "ಮನೇಲಿ ಎರಡವೆ," ಅಂದ ಮಾವ, "ಒಂದು ಖಾಲಿ."

ಅಲ್ಲಿಂದ ಇಡೀ ಬಂದರಿಗೆ ನಮ್ಮ ಮೇಲೆ ಅನುಮಾನ ಶುರುವಾಯಿತು. ಸಾಲ ಕಟ್ಟದವರ ಬೋಟು ಎಳೆದೊಯ್ಯಲು ಫೈನಾನ್ಸಿನವರು ಬಂದಿದ್ದಾರೆ ಅಂತ ಯಾರೋ ಅಂದರಂತೆ. ನಾವು ನಡೆದಲ್ಲೆಲ್ಲ ಮಾತು ನಿಲ್ಲುತ್ತಿತ್ತು. ಮಾತು ನಿಂತಷ್ಟೂ ಮಾವನ ಅನುಮಾನ ಊದಿಕೊಳ್ಳುತ್ತಿತ್ತು. "ರಂಗಸ್ವಾಮಿ ಗೊತ್ತಾ?" ಅಂದರೆ ಒಬ್ಬ "ಯಾವ ರಂಗಸ್ವಾಮಿ?" ಅಂದ, ಇನ್ನೊಬ್ಬ "ಅಂವ ಊರಲ್ಲಿಲ್ಲ" ಅಂದ, ಮೂರನೆಯವನು "ಅಂವ ಒಳ್ಳೆಯವ ಮಾರಾಯ್ರಾ, ಬಿಟ್ಟುಬಿಡಿ" ಅಂದ. ಯಾರನ್ನಾದರೂ ಬಿಟ್ಟುಬಿಡಿ ಅಂತ ಯಾಕೆ ಹೇಳುತ್ತಾರೆ, ನೀವೇ ಹೇಳಿ.

ರಂಗಸ್ವಾಮಿಯ ಶೆಡ್ಡು ಸಿಕ್ಕಿತು. ಬೋರ್ಡಿನಲ್ಲಿ ಹೆಸರಿತ್ತು, ಫೋನ್ ನಂಬರಿತ್ತು, ಬಾಗಿಲಿಗೆ ಬೀಗವಿತ್ತು. ಪಕ್ಕದ ಚಹಾದಂಗಡಿಯ ಹೆಂಗಸಿಗೆ ಮಾತ್ರ ನಮ್ಮ ಸುದ್ದಿ ಮುಟ್ಟಿರಲಿಲ್ಲ.

"ಮಧ್ಯಾಹ್ನದ ಮೇಲೆ ಅಂವ ಇಲ್ಲಿ ಎಲ್ಲಿ ಸಿಗ್ತ? ನೀರು ಇಳೀತು ಅಂದ್ರೆ ಕಾಂಡ್ಲಾ" ಅಂದಳು.

ಮಾವನ ಮುಖ ಕೆಂಪಗಾಯಿತು. ನನ್ನನ್ನು ಪಕ್ಕಕ್ಕೆ ಎಳೆದ. "ನೋಡ್ದಾ? ಮುಖ ಕಂಡು ಗಳಿಗೆ ಆಗಿಲ್ಲ, ನನ್ನೇ ‘ಕಣ್ಲಾ’ ಅಂತಾಳೆ. ನನ್ ವಯಸ್ಸಿಗೆ ಒಂದ್ ಬೆಲೆ ಬ್ಯಾಡ್ವಾ?"

ಇದು ನಮ್ಮ ಕಡೆಯವರಿಗೆ ಬಿಟ್ಟು ಬೇರೆ ಯಾರಿಗೂ ಆಗದ ಅವಮಾನ. ನಮ್ಮಲ್ಲಿ ‘ಲಾ’ ಅನ್ನುವುದು ಅಳತೆ ನೋಡಿ ಬಳಸುವ ಸಾಮಾನು. ಗೆಳೆಯ ‘ಲಾ’ ಅಂದರೆ ಪ್ರೀತಿ, ದೊಡ್ಡವರು ಅಂದರೆ ಆಶೀರ್ವಾದ, ಗುರುತಿಲ್ಲದವರು ಅಂದರೆ ಹೊಡೆದಾಟ. ನಾನು ಸಮಾಧಾನ ಮಾಡಿದೆ. "ನಿಂಗಲ್ಲ ಮಾವ, ಅದು ಬೇರೆ ಏನೋ ಮಾತು. ಕಾಂಡ್ಲಾ ಅಂದ್ಲು, ಕಣ್ಲಾ ಅಲ್ಲ."

ಸುಮ್ಮನಿರಬೇಕಿತ್ತು. ಮಾವ ಚಹಾ ಲೋಟ ಹಿಡಿದುಕೊಂಡು ನಿಧಾನವಾಗಿ ಯೋಚಿಸಿದ. ಆಮೇಲೆ ದನಿ ತಗ್ಗಿಸಿ ಕೇಳಿದ: "ಯಾರ್ಲಾ ಈ ಕಾಂಡ್ಲಾ?"

ನಗಬೇಕು ಅನ್ನಿಸಿತು, ಆಗಲಿಲ್ಲ. ಅಕ್ಕನ ಮೆಸೇಜು ಜೇಬಿನಲ್ಲಿ ಗುಂಯ್ ಅಂದಿತ್ತು. ‘ಹೆಂಗಿದೆ?’ ಅಷ್ಟೇ. ಕಾಂಡ್ಲಾ ಅನ್ನುವ ಹೆಸರು ಕೂಡ, ಒಂದು ಸಲ ತಲೆಗೆ ಹೊಕ್ಕ ಮೇಲೆ, ಉದ್ದ ಜಡೆಯ, ಮೂಗುಬೊಟ್ಟಿನ ಒಬ್ಬ ಹೆಂಗಸಾಗಿ ಅಲ್ಲೇ ಕೂತುಬಿಟ್ಟಿತು. ಏನೆಂದು ಬರೆಯಲಿ? ‘ಚೆನ್ನಾಗಿದೆ’ ಅಂತ ಟೈಪ್ ಮಾಡಿದೆ, ಅಳಿಸಿದೆ. ‘ನೀರು ಹಿಂದಕ್ಕೆ ಹರಿಯುತ್ತೆ’ ಅಂತ ಮಾಡಿದೆ, ಅದನ್ನೂ ಅಳಿಸಿದೆ.

"ಫೋನ್ ಹಾಕು," ಅಂದ ಮಾವ. "ಇಲ್ಲಿಯೋರ್ ತರ ಮಾತಾಡು. ಎಂಜಿನ್ ಕೆಟ್ಟೈತೆ ಅನ್ನು. ಎಲ್ಲವ್ನೆ ಅಂತ ಗೊತ್ತಾಗ್ಲಿ."

ಕರಾವಳಿಯ ಭಾಷೆ ಅಂತ ನನಗೆ ಬರುತ್ತಿದ್ದದ್ದು ಟೀವಿಯಲ್ಲಿ ಕೇಳಿ ಕಲಿತ ಮಂಗಳೂರಿನದು. ಹೊನ್ನಾವರದವರು ಹಾಗೆ ಮಾತಾಡುವುದಿಲ್ಲ ಅಂತ ಬೆಳಿಗ್ಗೆಯೇ ಕಿವಿಗೆ ಗೊತ್ತಾಗಿತ್ತು, ಬಾಯಿಗೆ ಗೊತ್ತಾಗಿರಲಿಲ್ಲ. ಸ್ಪೀಕರ್ ಹಾಕಿ, ಮೂಗು ಒಂದಿಷ್ಟು ಮೇಲೆತ್ತಿ ಶುರುಮಾಡಿದೆ.

"ಹಲೋ, ಎಂಥ ಮಾರಾಯ್ರೆ, ನಮ್ಮ ಬೋಟಿನ ಎಂಜಿನ್ ಸ್ಟಾರ್ಟೇ ಆಗುದಿಲ್ಲ. ಒಸಿ ಬಂದು ನೋಡ್ತೀರಾ?"

ಆ ಕಡೆ ಗಾಳಿಯ ಸದ್ದು. ಆಮೇಲೆ ರಂಗಸ್ವಾಮಿಯ ದನಿ. "ಎಲ್ಲಿದ್ದೀರಾ ಸಾ?"

"ಇಲ್ಲೇ, ಬಂದರಲ್ಲಿ."

"ಈಗ ಆಗಾಕಿಲ್ಲ ಸಾ. ಕಾಂಡ್ಲಾ ಬುಟ್ಟು ಬರಂಗಿಲ್ಲ. ಅರ್ಜೆಂಟಿದ್ರೆ ದೋಣಿ ಮಾಡ್ಕಂಡು ನೀವೇ ಬಂದ್ಬುಡಿ."

ಫೋನ್ ಕಟ್ಟಾಯಿತು. ಮಾವ ಗೆದ್ದವನ ಹಾಗೆ ಕಾಣಬೇಕಿತ್ತು. ಕಾಣಲಿಲ್ಲ. "ಅವನ ಬಾಯಾಗೇ ಬಂತು. ಸವಿಗೆ ಹೆಂಗ್ಲಾ ಹೇಳದು?" ಅಂದ. ಅಷ್ಟು ಗಂಡುಗಳನ್ನು ತಟ್ಟಿ ತಟ್ಟಿ ವಾಪಸ್ಸು ಕಳಿಸಿದವನು, ಚಹಾ ಲೋಟಕ್ಕೆ ಹೇಳುವ ಹಾಗೆ ತಲೆ ತಗ್ಗಿಸಿ ಹೇಳಿದ. ಆ ದನಿಯನ್ನು ನಾನು ಇಲ್ಲಿಯವರೆಗೆ ಯಾವ ವೇದಿಕೆಯ ಮೇಲೂ ಮಾಡಿಲ್ಲ.

ದೋಣಿಯವನೊಬ್ಬ ಸಿಕ್ಕ. ವಯಸ್ಸಾದವನು. "ಕಾಂಡ್ಲಾಕ್ಕಾ? ಕೂತ್ಕಳಿ" ಅಂದ.

"ನಿಮಗೂ ಗೊತ್ತಾ?" ಮಾವ ದೋಣಿಯ ಅಂಚನ್ನು ತಟ್ಟಿ ನೋಡಿ ಕೂತ.

"ಗೊತ್ತಿಲ್ಲದೆ ಎಂತ? ನಾವು ಸಣ್ಣಕಿದ್ದಾಗಿಂದ ಅಲ್ಲೇ ಆಡ್ಕೊಂಡು ಬೆಳೆದದ್ದು."

ಮಾವ ಲೆಕ್ಕ ಹಾಕಿದ. "ಹಂಗಾದ್ರೆ ಭಾಳ ವಯಸ್ಸಾಗೈತೆ."

"ಹಳೇದೂ ಉಂಟು, ಹೊಸದೂ ಉಂಟು."

ಮಾವ ನನ್ನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದ. "ಒಬ್ಳಲ್ಲ ಕಣ್ಲಾ."

"ಆ ರಂಗಸ್ವಾಮಿ ಬಂದ ಮೇಲೆ ಹೊಸದು ಜಾಸ್ತಿ ಆಯ್ತು," ಅಂದ ದೋಣಿಯವನು, ಹುಟ್ಟು ಹಾಕುತ್ತಾ. "ಈಗ ಶಾಲೆ ಮಕ್ಕಳನ್ನೂ ಕರ್ಕೊಂಡು ಬರ್ತಾರೆ, ನೋಡಲಿಕ್ಕೆ."

ಮಾವ ತಲೆಯ ಮೇಲೆ ಕೈಯಿಟ್ಟುಕೊಂಡ.

ಬಂದರಿನ ಗದ್ದಲ ಹಿಂದೆ ಉಳಿಯಿತು. ಹೊಳೆ ಈಗ ಬುದ್ಧಿ ಕಲಿತವರ ಹಾಗೆ ಸಮುದ್ರದ ಕಡೆಗೇ ಹರಿಯುತ್ತಿತ್ತು. ದಂಡೆಯ ಮೇಲೆ ಮಾವನ ಕಸುಬಿನ ಕೇದಗೆ ಪೊದೆಪೊದೆಯಾಗಿ ಬೆಳೆದಿತ್ತು, ಮಾವ ಅದನ್ನೂ ನಂಬದ ಕಣ್ಣಿನಿಂದ ನೋಡಿದ. ತಿರುವಿನಾಚೆ ಒಂದು ಹಸಿರು ಕಾಡು, ನೀರಲ್ಲೇ ನಿಂತಿತ್ತು. ಮರಗಳಿಗೆಲ್ಲ ಏಡಿಗಿರುವಂಥ ಕಾಲುಗಳು, ಬೇರುಗಳು ಕಾಂಡದ ನಡುವಿನಿಂದಲೇ ಹೊರಟು ಕೆಸರಿಗೆ ಊರಿಕೊಂಡಿದ್ದವು. ಇನ್ನೇನು ಎದ್ದು ನಡೆದುಬಿಡುತ್ತವೆ ಅನ್ನಿಸುತ್ತಿತ್ತು. ಅದರ ಅಂಚಿನಲ್ಲಿ, ನೀರು ಇಳಿದು ಬಯಲಾದ ಕರೀ ಕೆಸರಿನಲ್ಲಿ, ಪ್ಯಾಂಟು ಮಡಿಚಿ ಮೊಣಕಾಲವರೆಗೆ ಹೂತು, ಒಬ್ಬನೇ ರಂಗಸ್ವಾಮಿ ಬಗ್ಗಿ ನಿಂತಿದ್ದ. ಕಂಕುಳಲ್ಲಿ ಹಸಿರು ನುಗ್ಗೆಕಾಯಿಯಂಥ ಕಡ್ಡಿಗಳ ಕಟ್ಟು.

"ಇದೇ," ಅಂದ ದೋಣಿಯವನು.

"ಎಲ್ಲಿ?" ಮಾವ ಎದ್ದು ನಿಂತು ಮರಗಳ ಸಂದಿಯಲ್ಲೆಲ್ಲ ಹುಡುಕಿದ. "ಎಲ್ಲವ್ಳೆ?"

"ಯಾರು? ಇದೇ ಕಾಂಡ್ಲಾ. ಈ ಗಿಡವೇ."

ಮಾವ ಗಿಡ ನೋಡಿದ. ಗಿಡದ ಕಾಲು ನೋಡಿದ. ದೋಣಿಯವನನ್ನು ನೋಡಿದ. ನನ್ನನ್ನು ನೋಡುವ ಮೊದಲೇ ನಾನು ನೀರನ್ನು ಗಮನವಿಟ್ಟು ನೋಡಲು ಶುರುಮಾಡಿದ್ದೆ.

ಅಷ್ಟರಲ್ಲಿ ರಂಗಸ್ವಾಮಿ ಸೊಂಟ ನೆಟ್ಟಗೆ ಮಾಡಿ ನಮ್ಮ ಕಡೆ ತಿರುಗಿದ. ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. "ಬನ್ನಿ ಮಾವ. ಎಂಜಿನ್ ಸ್ಟಾರ್ಟ್ ಆಯ್ತಾ?" ಅಂದ. ಆಮೇಲೆ ನನಗೆ: "ಮಂಗ್ಳೂರೋರು ಒಸಿ ಅನ್ನಲ್ಲ ಕಣ್ಲಾ."

ಊರೆಲ್ಲ ನನ್ನನ್ನು ಹೊಗಳಿದ ದಿನಗಳು ಒಂದು ಕಡೆ, ‘ಸ್ವಲ್ಪ’ಕ್ಕೆ ನಮ್ಮ ಕಡೆಯವರು ಅನ್ನುವ ಈ ಎರಡಕ್ಷರ ಒಂದು ಕಡೆ. ಒಸಿ. ನೂರಾರು ಮೈಲಿಯಾಚೆ ಮೂಗು ಎತ್ತಿ ಮಾತಾಡಿದರೂ ನಾಲಿಗೆಯ ಕೆಳಗೆ ಸೋಲೂರು ಮಾಗಡಿ ಚನ್ನಪಟ್ಟಣ ಎಲ್ಲ ಕೂತಿರುತ್ತವೆ. ಬಹಳ ದಿನದ ಮೇಲೆ ಆ ಮಾತು ಕಿವಿಗೆ ಬಿದ್ದದ್ದಕ್ಕೇ ಇರಬೇಕು, ಅವನ ಬಾಯಲ್ಲೂ ಫೋನಿನಲ್ಲಿ ಊರ ಭಾಷೆಯೇ ಬಂದುಬಿಟ್ಟಿತ್ತು. ಎಲ್ಲರ ದನಿ ಗುರುತಿಸುವ ನಾನು ಅದನ್ನು ಗಮನಿಸಲೂ ಇಲ್ಲ.

ಮಾವನಿಗೆ ಇನ್ನೂ ಸಮಾಧಾನವಿಲ್ಲ. ದೋಣಿಯಿಂದ ಇಳಿದೇ ವಿಚಾರಿಸಬೇಕು ಅಂತ ಕಾಲಿಟ್ಟ. ಕಾಲು ಹೋಯಿತು. ಇನ್ನೊಂದಿಟ್ಟ, ಅದೂ ಹೋಯಿತು. ಮೊಣಕಾಲ ಮಟ್ಟಕ್ಕೆ ಹೂತ ಮಾವ, ಮರದ ಪೀಠಕ್ಕೆ ಸಿಕ್ಕಿಸಿದ ಬೊಂಬೆಯ ಹಾಗೆ ನಿಂತ. ಎಲ್ಲಿ ತಟ್ಟಿ ನೋಡುವುದು?

"ಮಾವನ ಕೈ ಹಿಡ್ಕಳ್ಲಾ," ರಂಗಸ್ವಾಮಿ ನನಗೆ ಕೂಗಿ ಹತ್ತಿರ ಬಂದ. "ಕಾಲು ಕೀಳ್ಬ್ಯಾಡಿ ಮಾವ. ಒಸಿ ಹಿಂದಕ್ಕೆ ವಾಲಿ. ಹಾಂ, ಈಗ." ಮಾವ ಬಂದ, ಚಪ್ಪಲಿಗಳು ಬರಲಿಲ್ಲ. ಅವು ಇವತ್ತಿಗೂ ಶರಾವತಿಯ ಅಡಿಯಲ್ಲಿವೆ.

ದೋಣಿಯ ಅಂಚಿನಲ್ಲಿ ಕೂತು ಮಾವ ವಿಚಾರಣೆ ಮಾಡಿದ. ರಂಗಸ್ವಾಮಿ ಮಳೆಗಾಲದಲ್ಲಿ ಶೆಡ್ಡಿನ ಹಿಂದಿನ ದಂಡೆ ಕುಸಿದದ್ದನ್ನು ಹೇಳಿದ. ಕಾಂಡ್ಲಾ ಇದ್ದ ಕಡೆ ಮಾತ್ರ ಮಣ್ಣು ನಿಂತಿತ್ತಂತೆ. ಅಲ್ಲಿಂದ ಶೆಡ್ಡಿನ ಹಿಂದೆ ನೆಡಲು ಶುರುಮಾಡಿ, ಈಗ ಇಲ್ಲಿಯವರೆಗೆ ಬಂದಿದ್ದಾನೆ. "ಸೋಲೂರಲ್ಲಿ ಗದ್ದೆ ಬುಟ್ಟು ಬಂದೋನು ಮಾವ. ಎಂಜಿನ್ ಎಷ್ಟು ಬಿಚ್ಚಿದ್ರೂ ಕೈಗೆ ಏನಾರ ನೆಡ್ಬೇಕು ಅನ್ಸತ್ತೆ. ಸವಿತಾಗೂ ಹೇಳಿದ್ದೆ ಅವತ್ತು."

"ಅವಳೇನಂದ್ಲು?"

"‘ಬೆಳೆದವಾ?’ ಅಂತ ಕೇಳಿದ್ಲು."

ಅಕ್ಕ ಯಾಕೆ ಅಷ್ಟು ಬೇಗ ಒಪ್ಪಿಗೆ ಅಂದಳೆಂದು ನನಗೆ ಆಗ ತಿಳಿಯಿತು. ಮಾವ ಕೈ ಚಾಚಿದ. ರಂಗಸ್ವಾಮಿ ಕಟ್ಟಿನಿಂದ ಒಂದು ಹಸಿರು ಕಡ್ಡಿ ಕೊಟ್ಟ. ಮಾವ ತಟ್ಟಿದ, ಕಿವಿಗೆ ಹಿಡಿದ.

"ಹಸಿ ಐತಲ್ಲಪ್ಪಾ."

"ಹಸೀದೇ ನೆಡ್ಬೇಕು ಮಾವ. ಮರದ ಮ್ಯಾಲಿದ್ದಾಗ್ಲೇ ಮೊಳಕೆ ಬಂದ್ಬುಟ್ಟಿರ್ತದೆ. ಒಣಗಿದ್ರೆ ಹಿಡಿಯಲ್ಲ."

ಒಣಗಿಸದೆ ಏನನ್ನೂ ನಂಬದ ಮನುಷ್ಯ ಆ ಕಡ್ಡಿಯನ್ನು ಬಹಳ ಹೊತ್ತು ತಿರುಗಿಸಿ ನೋಡಿದ. ವಾಪಸ್ಸು ಕೊಡಲಿಲ್ಲ, ನೆಡಲೂ ಇಲ್ಲ. ಚಪಾತಿ ಮುಗಿದಿದ್ದ ಬ್ಯಾಗಿನೊಳಗೆ ಇಟ್ಟುಕೊಂಡ. "ಒಸಿ ಒಣಗ್ಸಿ ನೋಡ್ತೀನಿ," ಅಂದ.

ಊರಿಗೆ ಬಂದಾಗ ಬಾಗಿಲು ತೆಗೆದವಳು ಅಕ್ಕ. ನಮ್ಮ ಮುಖ ನೋಡಲಿಲ್ಲ. ತಲೆ ತಗ್ಗಿಸಿ ಮಾವನ ಹೊಸ ರಬ್ಬರ್ ಚಪ್ಪಲಿ ನೋಡಿದಳು, ಅದರಿಂದ ಹೊರಗೆ ಕಾಣುತ್ತಿದ್ದ ಉಗುರುಗಳನ್ನು ನೋಡಿದಳು. ಎಷ್ಟು ತೊಳೆದರೂ ಹೋಗದ ಕರೀ ಕೆಸರು, ಹತ್ತು ಬೆರಳಲ್ಲೂ. ಏನೂ ಕೇಳದೆ ಒಳಗೆ ಹೋಗಿ ನೀರು ತಂದಳು. ಮಾವ ನೀರು ಕುಡಿದು, ಲೋಟವನ್ನು ಗೆಣ್ಣಿನಿಂದ ತಟ್ಟಿ, "ಹ್ಞೂಂ... ಇರ್ಲಿ" ಅಂದ. ಅಮ್ಮ ಪಂಚಾಂಗ ಹುಡುಕಲು ಎದ್ದಳು.

ಅಕ್ಕನ ಮದುವೆಯಾಗಿ ವರ್ಷವಾಗುತ್ತಾ ಬಂತು. ಮಾವ ಈಗಲೂ ಆ ಹೊಳೆಯನ್ನು ನಂಬುವುದಿಲ್ಲ. "ಈಗ ಯಾವ್ ಕಡೆ ಹರೀತೈತಂತೆ?" ಅಂತ ಪ್ರತಿ ಸಲ ಕೇಳುತ್ತಾನೆ.

ಮೊನ್ನೆ ನನಗೆ ಒಂದು ಫೋನು ಬಂತು. ಯಾವುದೋ ಗೊತ್ತಿಲ್ಲದ ನಂಬರು. ಹಿಂದೆ ಬೋಟಿನ ಎಂಜಿನ್ ಬಡಿದುಕೊಳ್ಳುತ್ತಿತ್ತು. "ಎಂತ ಮಾಡ್ತಿದ್ದೆ? ಊಟ ಆಯ್ತಾ? ಆವಾಗಿಂದ ಫೋನ್ ಮಾಡ್ತಿದ್ದೆ, ಎಂತಕ್ಕೆ ತೆಗೀಲಿಲ್ಲ?" ಅಂತ ಸಂಕೋಚವಿಲ್ಲದ, ಸಲಿಗೆಯ ಒಂದು ಹೆಂಗಸಿನ ದನಿ. ಅಪ್ಪಟ ಹೊನ್ನಾವರದ್ದು, ನನ್ನ ಮಂಗಳೂರಿನಂಥದ್ದಲ್ಲ. ನನಗೆ ಅನುಮಾನ ಬಂತು. ಈ ಆಟಗಳನ್ನೆಲ್ಲ ಆಡಿಸಿದವನು ನಾನು, ನನ್ನ ಹತ್ತಿರವೇ?

"ಯಾರು ಮಾತಾಡ್ತಿರೋದು?" ಅಂದೆ, ಬಿಗಿಯಾಗಿ.

ಆ ಕಡೆ ಒಂದು ನಗು. ಆಮೇಲೆ, ಬೆನ್ನು ತಿರುಗಿಸಿಕೊಂಡು ಆಟ ಆಡುತ್ತಿದ್ದ ಅಕ್ಕನ ಆ ಹಳೆಯ ದನಿ: "ನಾನೇ ಕಣ್ಲಾ."

ಒಳಗಿನಿಂದ ಅಮ್ಮ ಕೂಗಿದಳು. "ಯಾರ್ಲಾ ಅದು ಫೋನಲ್ಲಿ?"

ಫೋನನ್ನು ಕೈಯಲ್ಲಿ ಮುಚ್ಚಿಕೊಂಡು ಹೇಳಿದೆ: "ಕಾಂಡ್ಲಾ."